ಬೆಳಕು ಕಂಡವರು, ಬೆಂಕಿ ಕಾಣದವರು

ಆಸ್ಟ್ರೇಲಿಯಾದ ಭೂದೃಶ್ಯ ಚಿತ್ರಕಲೆಯ ಚರಿತ್ರೆಯಲ್ಲಿ ಒಂದು ಕಥೆ ಪದೇ ಪದೇ ಬರುತ್ತದೆ. ಮೊದಲು ಬಂದ ಯುರೋಪಿನ ಚಿತ್ರಕಾರರಿಗೆ ಆ ನೆಲ ಕಾಣಿಸಲೇ ಇಲ್ಲ, ಅಲ್ಲಿನ ನೀಲಗಿರಿ ಮರಗಳನ್ನೂ ಅವರು ಇಂಗ್ಲೆಂಡಿನ ಓಕ್ ಮರಗಳ ಹಾಗೆ ಬರೆದರು; 1880ರ ದಶಕದಲ್ಲಿ ಮೆಲ್ಬರ್ನ್ ಪಕ್ಕದ ಹೈಡೆಲ್‌ಬರ್ಗ್ ಗುಡ್ಡಗಳಲ್ಲಿ ಬೀಡುಬಿಟ್ಟ ಟಾಮ್ ರಾಬರ್ಟ್ಸ್, ಆರ್ಥರ್ ಸ್ಟ್ರೀಟನ್, ಫ್ರೆಡರಿಕ್ ಮೆಕ್ಯೂಬಿನ್ ಬಂದ ಮೇಲೆಯೇ ಆ ದೇಶ ತನ್ನ ನಿಜವಾದ ಬಣ್ಣದಲ್ಲಿ ಮೂಡಿತು ಎಂಬ ಕಥೆ. ಇದನ್ನು ನಾನು ಒಪ್ಪಲಾರೆ. ಮೊದಲಿನವರಲ್ಲಿ ಉತ್ತಮರಾದವರು ಕಂಡದ್ದನ್ನು ಕಂಡ ಹಾಗೆಯೇ ಬರೆದರು. ಅದು ಹಾಗಿರಲು ಕಾರಣ ಯಾರೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹೈಡೆಲ್‌ಬರ್ಗ್ ಪಂಥಕ್ಕೂ ಹೊಳೆಯಲಿಲ್ಲ.

ಜಾನ್ ಗ್ಲೋವರ್ 1831ರಲ್ಲಿ ಟ್ಯಾಸ್ಮೇನಿಯಾಕ್ಕೆ ಬಂದಿಳಿದಾಗ ಅವನಿಗೆ ಅರವತ್ತು ದಾಟಿತ್ತು. ಮಿಲ್ಸ್ ಪ್ಲೇನ್ಸ್ ಎಂಬಲ್ಲಿ ಜಮೀನು ಹಿಡಿದು ಅವನು ಬರೆದ ಚಿತ್ರಗಳಲ್ಲಿ ಮರಗಳು ದೂರ ದೂರ ನಿಂತಿವೆ. ಕೊಂಬೆಗಳು ಹಾವಿನಂತೆ ಬಳುಕಿವೆ. ತೆಳುವಾದ ಎಲೆಗಳ ನಡುವಿನಿಂದ ಹಿಂದಿನ ಗುಡ್ಡ ಕಾಣುತ್ತದೆ. ಆ ಕಾಡಿನಲ್ಲಿ ಸಾರೋಟು ಓಡಿಸಬಹುದು ಎಂದು ಅವನೇ ಬೆರಗುಪಟ್ಟಿದ್ದ. ಆ ತೆರಪು ತಾನಾಗಿ ಆದದ್ದಲ್ಲ. ಮೂಲನಿವಾಸಿಗಳು ತಲೆಮಾರುಗಳಿಂದ ಹದ ನೋಡಿ, ಗಾಳಿ ನೋಡಿ ಸಣ್ಣ ಬೆಂಕಿ ಹಾಕುತ್ತ ಬಂದಿದ್ದರು. ಪೊದೆ ಬೆಳೆಯದೆ ಎಳೆಹುಲ್ಲು ಚಿಗುರುತ್ತಿತ್ತು, ಹುಲ್ಲಿಗೆ ಕಾಂಗರೂ ಬರುತ್ತಿತ್ತು. ಪುರಾತತ್ತ್ವಜ್ಞ ರೀಸ್ ಜೋನ್ಸ್ 1969ರಲ್ಲಿ ಇದನ್ನು ಕೊಳ್ಳಿಯ ಬೇಸಾಯವೆಂದು ಕರೆದರು. 2011ರಲ್ಲಿ ಇತಿಹಾಸಕಾರ ಬಿಲ್ ಗ್ಯಾಮೇಜ್ ವಸಾಹತು ಕಾಲದ ಚಿತ್ರಗಳನ್ನೂ ದಿನಚರಿಗಳನ್ನೂ ಸಾಕ್ಷಿಯಾಗಿಟ್ಟು ಇಡೀ ಖಂಡವೇ ಹೀಗೆ ರೂಪುಗೊಂಡದ್ದೆಂದು ವಾದಿಸಿದರು. ಮಣ್ಣು, ಹವಾಮಾನಗಳ ಪಾತ್ರವನ್ನು ಅವರು ಕಡೆಗಣಿಸಿದರೆಂದು ಕೆಲವು ಪರಿಸರ ವಿಜ್ಞಾನಿಗಳು ಆಕ್ಷೇಪಿಸುತ್ತಾರೆ. ಆ ಚರ್ಚೆ ನ್ಯಾಯವಾದದ್ದೇ. ಆದರೆ ಅಂದು ಯಾರಿಗೂ ಇದು ತಿಳಿದಿರಲಿಲ್ಲ ಎನ್ನುವಂತಿಲ್ಲ. ಭೂಮಾಪಕ ಥಾಮಸ್ ಮಿಚೆಲ್ 1848ರಲ್ಲೇ ಬೆಂಕಿ, ಹುಲ್ಲು, ಕಾಂಗರೂ, ಮನುಷ್ಯ ಒಂದನ್ನೊಂದು ನೆಚ್ಚಿಕೊಂಡಿವೆ ಎಂದು ಬರೆದಿದ್ದ.

ಗ್ಲೋವರನ ಚಿತ್ರಗಳಲ್ಲಿ ಮೂಲನಿವಾಸಿಗಳು ಹೊಳೆಯಲ್ಲಿ ಈಜುತ್ತಾರೆ, ಬೆಂಕಿಯ ಸುತ್ತ ಕುಣಿಯುತ್ತಾರೆ. ಅವನು ಅವನ್ನು ಬರೆಯುತ್ತಿದ್ದ ವರ್ಷಗಳಲ್ಲಿ ವಲಸೆ ಬಂದವರ ಜೊತೆಗಿನ ಯುದ್ಧದಲ್ಲಿ ಉಳಿದ ಕೆಲವೇ ಮೂಲನಿವಾಸಿಗಳನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಹಾಕಲಾಗಿತ್ತು. ನನ್ನನ್ನು ಅತಿಯಾಗಿ ಕಲಕುವುದು ಇದು. ಮರದ ಒಂದೊಂದು ಕೊಂಬೆಗೂ ಸತ್ಯವಂತನಾಗಿದ್ದ ಕೈ, ಆ ಮರದ ಕೆಳಗೆ ಬದುಕಿದ್ದವರ ಗತಿಯನ್ನು ಮರೆಮಾಚಿತು.

ಅವರು ಹಾಕುತ್ತಿದ್ದ ಬೆಂಕಿ ನಿಂತ ಕಡೆ ಪೊದೆ ಒತ್ತಾಯಿತು, ಒಣಗಿದ ಕಸ ಕೂಡಿತು. ಕುರಿಗಳ ಗೊರಸು ಮೆತ್ತನೆಯ ಮಣ್ಣನ್ನು ಕಲ್ಲಾಗಿಸಿತು. ವಿಕ್ಟೋರಿಯಾದ ಬಯಲುಗಳಲ್ಲಿ ಜನರ ಹೊಟ್ಟೆ ತುಂಬಿಸುತ್ತಿದ್ದ ಮರ್ನಾಂಗ್ ಗೆಡ್ಡೆಯನ್ನು ಕುರಿಗಳು ಕೆಲವೇ ವರ್ಷಗಳಲ್ಲಿ ಬೇರುಸಹಿತ ತಿಂದುಹಾಕಿದವು. 1851ರ ಫೆಬ್ರವರಿ 6ರಂದು ವಿಕ್ಟೋರಿಯಾದ ಸುಮಾರು ಕಾಲುಭಾಗ ಸುಟ್ಟುಹೋಯಿತು. 1859ರಲ್ಲಿ ಥಾಮಸ್ ಆಸ್ಟಿನ್ ಬೇಟೆಯ ಖುಷಿಗೆಂದು ಬಿಟ್ಟ ಮೊಲಗಳು ದೇಶದ ಉದ್ದಗಲಕ್ಕೆ ಹಬ್ಬಿ ಹಸಿರನ್ನು ಮೇದುಹಾಕಿದವು.

ಈ ನಾಶದ ನಡುವೆ ಒಬ್ಬ ಚಿತ್ರಕಾರನ ಕೆಲಸ ಬೇರೆಯಾಗಿ ನಿಲ್ಲುತ್ತದೆ. ಆಸ್ಟ್ರಿಯಾದಲ್ಲಿ ಹುಟ್ಟಿದ ಯೂಜೀನ್ ವಾನ್ ಗೆರಾರ್ಡ್ 1855ರಲ್ಲಿ ವಾರ್ನಾಂಬೂಲ್ ಬಳಿಯ ಟವರ್ ಹಿಲ್ ಎಂಬ ಆರಿದ ಜ್ವಾಲಾಮುಖಿಯನ್ನು ಬರೆದ. ಗಿಡಗಿಡಕ್ಕೂ ಗುರುತು ಹಿಡಿಯುವಷ್ಟು ಸೂಕ್ಷ್ಮವಾದ ಈ ಬಗೆಯ ಚಿತ್ರಣವನ್ನು ಮುಂದಿನ ವಿಮರ್ಶಕರು ಜೀವವಿಲ್ಲದ ನಕಲು ಎಂದು ಹಳಿದರು. ಅಷ್ಟರಲ್ಲಿ ಟವರ್ ಹಿಲ್ ಬೋಳಾಯಿತು. 1960ರ ದಶಕದಲ್ಲಿ ಅಲ್ಲಿ ಮತ್ತೆ ಕಾಡು ಬೆಳೆಸಲು ಹೊರಟವರು ಎಲ್ಲಿ ಯಾವ ಮರವಿತ್ತೆಂದು ತಿಳಿಯಲು ನೆಚ್ಚಿದ್ದು ಇದೇ ಚಿತ್ರವನ್ನು. ಒಂದು ಚಿತ್ರಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ನನಗೆ ತಿಳಿಯದು.

ಹೈಡೆಲ್‌ಬರ್ಗ್‌ನವರ ಸಾಮರ್ಥ್ಯ ಅಲ್ಲಗಳೆಯುವಂಥದ್ದಲ್ಲ. ಸ್ಟ್ರೀಟನ್ ಬಳಿದ ಹೊನ್ನಿನ ಹುಲ್ಲು, ಸುಡುವ ನೀಲಿ ಆಕಾಶ ಅಲ್ಲಿನ ಬೇಸಿಗೆಯನ್ನು ಮೈಗೆ ತಾಗಿಸುತ್ತವೆ. ಆದರೆ ಆ ಬೆಳಕಿನಲ್ಲಿ ಅವರು ಮೆರೆಸಿದ್ದು ಏನನ್ನು? ರಾಬರ್ಟ್ಸ್ 1890ರಲ್ಲಿ ಮುಗಿಸಿದ ಚಿತ್ರದಲ್ಲಿ ಟಗರಿನ ಉಣ್ಣೆ ಕತ್ತರಿಸುವವರು ವೀರರು. 1904ರ ಮೆಕ್ಯೂಬಿನ್ ಚಿತ್ರದಲ್ಲಿ ಕಾಡು ಕಡಿದು ನೆಲೆ ಕಂಡ ಕುಟುಂಬವೇ ರಾಷ್ಟ್ರದ ಮೂಲ. ಈ ಎರಡರ ನಡುವೆ, 1902ರ ಹೊತ್ತಿಗೆ, ಹತ್ತು ಕೋಟಿ ದಾಟಿದ್ದ ದೇಶದ ಕುರಿಗಳು ಬರದಿಂದ ಅರ್ಧಕ್ಕಿಳಿದಿದ್ದವು. ಆ ಬರ ಈ ಪಂಥದ ಹೆಸರಾಂತ ಚಿತ್ರಗಳಲ್ಲಿ ಇಲ್ಲ. ಸ್ಟ್ರೀಟನ್ ಮುಪ್ಪಿನಲ್ಲಿ ಕಾಡು ಕಡಿಯುವುದರ ವಿರುದ್ಧ ದನಿಯೆತ್ತಿದ, 1934ರಲ್ಲಿ ಅಳಿಯುತ್ತಿರುವ ಕಾಡನ್ನೇ ಬರೆದ. ಅವನ ಆ ಚಿತ್ರಗಳಿಗೆ ಇಂದಿಗೂ ಎಳೆಯ ಕಾಲದವುಗಳಷ್ಟು ಹೆಸರಿಲ್ಲ.

ಹೈಡೆಲ್‌ಬರ್ಗ್ ಇರುವುದು ವುರುಂಜೆರಿ ಜನರ ನೆಲದಲ್ಲಿ. ಸ್ಟ್ರೀಟನ್ ಅಲ್ಲಿ ಚಿತ್ರ ಬರೆಯುತ್ತಿದ್ದಾಗಲೇ, ಅದೇ ಯಾರಾ ಕಣಿವೆಯ ಮೇಲ್ಭಾಗದ ಕೊರಾಂಡರ್ಕ್‌ನಲ್ಲಿ ಅವರ ಹಿರಿಯ ವಿಲಿಯಂ ಬರಾಕ್ ಕಾವಿಮಣ್ಣು, ಇದ್ದಿಲುಗಳಿಂದ ತನ್ನವರ ಕುಣಿತ, ಆಚರಣೆ, ಪ್ರಾಣಿಗಳನ್ನು ಬರೆಯುತ್ತಿದ್ದ. ಅವನ ಚಿತ್ರಗಳಲ್ಲಿ ಬೆಂಕಿ ಇದೆ, ಅದರ ಸುತ್ತ ನೆರೆದವರೂ ಇದ್ದಾರೆ. ಬಹುಕಾಲ ಅವುಗಳನ್ನು ಜನಾಂಗ ಅಧ್ಯಯನದ ವಸ್ತುಗಳಾಗಿ ಕಂಡರೇ ಹೊರತು ಕಲೆಯಾಗಿ ಅಲ್ಲ. ಹೈಡೆಲ್‌ಬರ್ಗ್ ಪಂಥದ ಚರಿತ್ರೆ ಬರೆಯುವವರು ಇನ್ನು ಮುಂದೆಯಾದರೂ ಬರಾಕನನ್ನು ಅಡಿಟಿಪ್ಪಣಿಯಲ್ಲಿ ಬಿಡದೆ ಮೊದಲ ಅಧ್ಯಾಯದಲ್ಲಿ ಕೂರಿಸಬೇಕು.