ತಡವಾಗಿ ಬರುವ ಚೆಂಡು

ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು 22 ಗಜದ ಪಿಚ್ ದಾಟಲು ಅರ್ಧ ಸೆಕೆಂಡು ಸಾಕು. ಹೊರಗಿನ ಪೆಟ್ಟಿಗೆಯ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಡಿವೈಸನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದರೆ ಅದು ನಮ್ಮನ್ನು ಕೇಳದೆಯೇ 300 ಮಿಲಿಸೆಕೆಂಡಿನಷ್ಟು ಚಿತ್ರವನ್ನು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಆ ಚೆಂಡು ಹನ್ನೊಂದು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಹಳೆಯ ಪ್ಲೇಸ್ಟೇಷನ್ 2 ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಕ್ರಿಕೆಟ್ 07 ಆಡುವ ಹುಡುಗ ಮೇಲಿಂದ ಮೇಲೆ ಬೌಲ್ಡ್ ಆಗುತ್ತಿದ್ದರೆ ಬ್ಯಾಟಿಂಗ್ ಬರುವುದಿಲ್ಲ ಎಂದು ಅವನನ್ನು ಬೈಯಬೇಡಿ.

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯಿಂದ ಧಾರವಾಡಕ್ಕೋ ಬೆಳಗಾವಿಗೋ ಓದಲು ಹೋದವರ ರೂಮುಗಳಲ್ಲಿ ಬೇರೆ ಟಿವಿ ಇರುವುದು ಕಡಿಮೆ. ಇರುವ ಒಂದೇ ಮಾನಿಟರಿಗೆ ಎಲ್ಲವೂ ಬರಬೇಕು. ಸೆಟ್‌ಟಾಪ್ ಬಾಕ್ಸಿನ ಹಳದಿ-ಕೆಂಪು-ಬಿಳಿ ವೈರನ್ನು ಬೆರಳುದ್ದದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಚುಚ್ಚಿ ಮ್ಯಾಚು ನೋಡುತ್ತಾರೆ, ಅದರಲ್ಲೇ ಗೇಮೂ ಆಡುತ್ತಾರೆ. ಆಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಭಾಳ ಲ್ಯಾಗ್ ಹೊಡಿಯಾಕತ್ತೈತ್ರಿ ಸರ, ರ‍್ಯಾಮ್ ಹಾಕಸಲೇನ್ರಿ?”

ಹಾಕಿಸಬೇಡಪ್ಪಾ. ತಡವಾಗುವುದು ಕಂಪ್ಯೂಟರ್ ಬಡವಾಗಿದೆ ಎಂದಲ್ಲ. ಚಿತ್ರ ಎಲ್ಲೂ ತಡವರಿಸದೆ ನಯವಾಗಿ ಓಡಲಿ ಎಂದು ಸಾಫ್ಟ್‌ವೇರ್ ಬರೆದವರೇ ಒಂದಿಷ್ಟು ಹೊತ್ತನ್ನು ಮುಂಗಡ ತೆಗೆದಿಟ್ಟಿರುತ್ತಾರೆ. ಸಿನಿಮಾ ನೋಡುವವನಿಗೆ ಅದು ಉಪಕಾರ, ಆಡುವವನಿಗೆ ಅಪಕಾರ.

ಹಳೆಯ ಕಾಲದ ಟಿವಿ ಟ್ಯೂನರ್ ಕಾರ್ಡುಗಳಿಗೆ ಈ ರೋಗ ಇರಲಿಲ್ಲ. ಕೇಬಲ್ಲಿನವನು ಎಳೆದುಕೊಟ್ಟ ವೈರನ್ನು ನೇರ ಕಂಪ್ಯೂಟರಿನ ಬೆನ್ನಿಗೆ ತಿರುಗಿಸುತ್ತಿದ್ದ ದಿನಗಳವು. ಬಿಟಿ878 ಚಿಪ್ಪಿನ ಕಾರ್ಡು ಪ್ರೊಸೆಸರಿನ ಅಪ್ಪಣೆಗೆ ಕಾಯದೆ ಚಿತ್ರವನ್ನು ಸೀದಾ ಗ್ರಾಫಿಕ್ಸ್ ಮೆಮರಿಗೇ ಬರೆಯಬಲ್ಲದು. ಆಮೇಲೆ ಡಿಸ್ಕೇಲರ್ ಎಂಬ ಉಚಿತ ಸಾಫ್ಟ್‌ವೇರ್ ಬಂತು. ಅದೇ ಕಾರ್ಡುಗಳ ಚಿತ್ರವನ್ನು ಪ್ರೊಸೆಸರಿಗೆ ತಂದು ತಿದ್ದಿ ತೀಡಿ ತೋರಿಸತೊಡಗಿತು. ಚಿತ್ರ ಚೆಂದವಾಯಿತು, ಜೊತೆಗೆ ಕಾಯುವುದೂ ಶುರುವಾಯಿತು.

ಈ ತಿದ್ದುಪಡಿಯಲ್ಲಿ ಮುಖ್ಯವಾದದ್ದು ಡಿ-ಇಂಟರ್‌ಲೇಸಿಂಗ್. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳು ಬರುತ್ತವೆ. ಒಮ್ಮೆ ಬೆಸ ಗೆರೆಗಳು, ಒಮ್ಮೆ ಸಮ ಗೆರೆಗಳು. ಅವನ್ನು ಪೂರ್ತಿ ಚಿತ್ರವಾಗಿಸುವುದೇ ಡಿ-ಇಂಟರ್‌ಲೇಸಿಂಗ್. ಯಾಡಿಫ್‌ನಂಥ ಜಾಣ ವಿಧಾನಗಳು ಮುಂದಿನದನ್ನೂ ನೋಡಿಯೇ ಈಗಿನದನ್ನು ಪೂರ್ತಿ ಮಾಡುತ್ತವೆ. ಮುಂದಿನದನ್ನು ನೋಡಬೇಕೆಂದರೆ ಅದು ಬರುವತನಕ ಕಾಯಲೇಬೇಕಲ್ಲ? ‘ಬಾಬ್’ ಎಂಬ ಒರಟು ವಿಧಾನ ಕೈಗೆ ಬಂದ ಅರ್ಧವನ್ನೇ ಹಿಗ್ಗಿಸಿ ಕೂಡಲೇ ತೋರಿಸುತ್ತದೆ. ಅಕ್ಷರಗಳ ಅಂಚು ಕೊಂಚ ನಡುಗುತ್ತದೆ, ನಡುಗಲಿ. ಆಡುವವರಿಗೆ ನನ್ನ ಓಟು ಬಾಬ್‌ಗೇ.

ಇನ್ನು ಯುಎಸ್‌ಬಿ ಕಡ್ಡಿಯ ವಿಚಾರ. ಎಚ್‌ಡಿಎಂಐ ಕಡ್ಡಿಗಳ ಪೊಟ್ಟಣದ ಮೇಲೆ ‘1080ಪಿ, 60’ ಎಂದು ಅಚ್ಚು ಹಾಕಿರುತ್ತಾರೆ. ಆ ಗಾತ್ರದ ಚಿತ್ರವನ್ನು ಒತ್ತದೆ ಕಳಿಸಲು ಸೆಕೆಂಡಿಗೆ ಸುಮಾರು 2 ಗಿಗಾಬಿಟ್ ಬೇಕು. ಯುಎಸ್‌ಬಿ 2ರ ಕೊಳವೆಯಲ್ಲಿ ಹರಿಯುವುದು ಹೆಚ್ಚೆಂದರೆ 480 ಮೆಗಾಬಿಟ್. ಆದ್ದರಿಂದ ಕಡ್ಡಿಯೊಳಗಿನ ಚಿಪ್ಪು ಚಿತ್ರವನ್ನು ಎಂಜೆಪೆಗ್ ಆಗಿ ಹಿಂಡಿ ಕಳಿಸುತ್ತದೆ, ಇತ್ತ ಕಂಪ್ಯೂಟರ್ ಅದನ್ನು ಬಿಚ್ಚುತ್ತದೆ. ಸೆಟ್‌ಟಾಪ್ ಬಾಕ್ಸಿನ ಹಳದಿ ವೈರಿನಲ್ಲಿ ಬರುವುದಾದರೋ 720×576 ಗಾತ್ರದ ಚಿತ್ರ. ಅದಕ್ಕೆ ಬೇಕಾದದ್ದು 166 ಮೆಗಾಬಿಟ್ ಮಾತ್ರ, ಹಿಂಡುವ ಅಗತ್ಯವೇ ಇಲ್ಲ. ಒಬಿಎಸ್ ಸಾಫ್ಟ್‌ವೇರಿನಲ್ಲಿ ಕ್ಯಾಪ್ಚರ್ ಡಿವೈಸಿನ ಪ್ರಾಪರ್ಟೀಸ್ ತೆರೆದು ಆ ಗಾತ್ರವನ್ನೇ ಇಟ್ಟು, ವಿಡಿಯೊ ಫಾರ್ಮ್ಯಾಟ್ ಜಾಗದಲ್ಲಿ ಹಿಂಡದೆ ಕಳಿಸುವ ವೈಯುವೈ2 ಆರಿಸಿ. ಅಲ್ಲೇ ಕೆಳಗೆ ‘ಬಫರಿಂಗ್’ ಎಂಬುದು ಇದೆ, ಅದನ್ನು ‘ಡಿಸೇಬಲ್’ ಮಾಡಿ. ವಿಎಲ್‌ಸಿಯೇ ಬೇಕೆನ್ನುವವರು ಡಿವೈಸ್ ತೆರೆಯುವಾಗ ‘ಶೋ ಮೋರ್ ಆಪ್ಷನ್ಸ್’ ಒತ್ತಿ 300ನ್ನು 50ಕ್ಕೆ ಇಳಿಸಿ ನೋಡಿ. ಚಿತ್ರ ತುಂಡಾಗತೊಡಗಿದರೆ ಸ್ವಲ್ಪ ಏರಿಸಿ.

ತಡ ಇನ್ನೂ ಎಷ್ಟು ಉಳಿಯಿತೆಂದು ಅಳೆಯುವುದು ಕಷ್ಟವಲ್ಲ. ಮೊಬೈಲಿನ ಸ್ಲೋ ಮೋಷನ್ 240 ಫ್ರೇಮಿನದಾದರೆ ಒಂದೊಂದು ಫ್ರೇಮಿಗೆ ಸುಮಾರು 4 ಮಿಲಿಸೆಕೆಂಡು. ಹೆಬ್ಬೆರಳು ಗುಂಡಿ ಒತ್ತುವುದೂ ಪರದೆಯ ಮೇಲೆ ಬ್ಯಾಟು ಏಳುವುದೂ ಒಂದೇ ವಿಡಿಯೊದಲ್ಲಿ ಕಾಣುವಂತೆ ಹಿಡಿದು ನಡುವಿನ ಫ್ರೇಮುಗಳನ್ನು ಎಣಿಸಿ.

ಚಿತ್ರಕ್ಕೆ ಇಷ್ಟೆಲ್ಲ ಮಾಡಿದವರು ದನಿಯಲ್ಲಿ ಎಡವುತ್ತಾರೆ. ಕೆಂಪು-ಬಿಳಿ ವೈರನ್ನು ನೇರ ಸ್ಪೀಕರಿಗೆ ಕೊಟ್ಟು, ಚಿತ್ರವನ್ನು ಮಾತ್ರ ಕಂಪ್ಯೂಟರಿನಲ್ಲಿ ಸುತ್ತಾಡಿಸಿದರೆ ದನಿ ಮೊದಲು, ಚಿತ್ರ ಆಮೇಲೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕದಂತೆ ದನಿ 45 ಮಿಲಿಸೆಕೆಂಡು ಮುಂದಾದರೆ ನಮಗೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ 125ರ ತನಕ ಗೊತ್ತಾಗುವುದಿಲ್ಲ. ರಾಮದುರ್ಗದಲ್ಲಿ ಮಲಪ್ರಭೆಯ ಆಚೆ ದಂಡೆಗೆ ಬಟ್ಟೆ ಒಗೆಯುವವರನ್ನು ನೋಡಿ: ಬಟ್ಟೆ ಕಲ್ಲಿಗೆ ಬಡಿದಾದ ಮೇಲೆ ಸಪ್ಪಳ ಬರುತ್ತದೆ. ಕಣ್ಣು-ಕಿವಿ ಹುಟ್ಟಿನಿಂದ ರೂಢಿಸಿಕೊಂಡಿರುವುದು ಆ ಕ್ರಮವನ್ನು. ದನಿ ಮುಂದಾಗುವುದು ಮಾತ್ರ ಪ್ರಕೃತಿಯಲ್ಲಿ ಎಲ್ಲೂ ಇಲ್ಲ.

ಅಕ್ಟೋಬರಿನ ಕಿತ್ತೂರು ಉತ್ಸವದಂಥ ಜನಜಂಗುಳಿಯಲ್ಲಿ ವೇದಿಕೆಯ ಪಕ್ಕದ ಎಲ್‌ಇಡಿ ಪರದೆಯನ್ನು ಎದುರು ಸಾಲಿನಲ್ಲಿ ಕೂತು ನೋಡಿದರೆ ಹಾಡುವವರ ತುಟಿ ಹಿಂದೆ ಬೀಳುತ್ತದೆ. ಕ್ಯಾಮೆರಾ, ಮಿಕ್ಸರು, ಪರದೆಯ ಪ್ರೊಸೆಸರು ಒಂದೊಂದೂ ಒಂದೆರಡು ಫ್ರೇಮು ತಿನ್ನುತ್ತವೆ. ಎದ್ದು ಮೂವತ್ತು ನಾಲ್ವತ್ತು ಮೀಟರ್ ಹಿಂದೆ ಹೋಗಿ. ವೇದಿಕೆಯ ಸ್ಪೀಕರಿನ ದನಿ ಅಷ್ಟು ದೂರ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುವುದರಿಂದ ತುಟಿಗೂ ಹಾಡಿಗೂ ತಾನೇ ಹೊಂದಿಕೆಯಾಗುತ್ತದೆ. ಆ ಮಟ್ಟಿಗೆ ಅಧಿಕಾರಿಗಳ ಸೋಫಾಕ್ಕಿಂತ ನಮ್ಮ ಜಾಗವೇ ಒಳ್ಳೆಯದು.

ಮೊಬೈಲಿನಲ್ಲಿ ಮ್ಯಾಚು ನೋಡುವಾಗ ಪಕ್ಕದ ಮನೆಯವರು ಮೊದಲೇ “ಹೋ” ಎನ್ನುವ ಸಂಕಟಕ್ಕೆ ಇಲ್ಲಿ ಹೇಳಿದ ಯಾವ ಮದ್ದೂ ನಾಟುವುದಿಲ್ಲ. ಅಲ್ಲಿ ತಡ ನಿಮ್ಮ ಮನೆಯಲ್ಲಿಲ್ಲ. ಸ್ಟ್ರೀಮಿಂಗಿನವರು ಚಿತ್ರವನ್ನು ಕೆಲವು ಸೆಕೆಂಡುಗಳ ತುಣುಕು ಮಾಡಿ, ಎರಡು ಮೂರು ತುಣುಕು ಕೂಡಿದ ಮೇಲೆಯೇ ಓಡಿಸುವುದು ರೂಢಿ. ಉಪಗ್ರಹಕ್ಕೆ ಹೋಗಿ ಬರುವ 72 ಸಾವಿರ ಕಿಲೋಮೀಟರ್ ದಾರಿಗೆ ಕಾಲು ಸೆಕೆಂಡೂ ಹಿಡಿಯುವುದಿಲ್ಲ ಎಂಬುದನ್ನು ನೆನೆದರೆ ಸಿಟ್ಟು ಬರುವುದು ಸಹಜ.

ಆಡುವವರಿಗೆ ಕಡೆಯ ಮಾತು. ಮೇಲಿನದೆಲ್ಲ ಮಾಡಿದರೂ ಒಂದೆರಡು ಫ್ರೇಮಿನ ತಡ ಉಳಿದೇ ಉಳಿಯುತ್ತದೆ. ಅದೂ ಬೇಡವೆಂದರೆ ಸಾಫ್ಟ್‌ವೇರಿನ ಕಿಟಕಿಯಲ್ಲಿ ನೋಡುತ್ತ ಆಡಲೇಬೇಡಿ. ಎಚ್‌ಡಿಎಂಐ ಇರುವ ಪೆಟ್ಟಿಗೆಯಾದರೆ ಒಂದು ಸ್ಪ್ಲಿಟರ್ ಹಾಕಿ. ಒಂದು ವೈರು ನೇರ ಪರದೆಗೆ, ಇನ್ನೊಂದು ರೆಕಾರ್ಡಿಂಗಿಗೆ ಕಂಪ್ಯೂಟರಿಗೆ. ಪರದೆ ಟಿವಿಯಾಗಿದ್ದರೆ ಗೇಮ್ ಮೋಡ್ ಹಾಕಲು ಮರೆಯಬೇಡಿ. ಕಡ್ಡಿ ಕೊಳ್ಳುವವರು ಬಾಯಿ ನೀಲಿ ಇದೆಯೆಂದು ಯುಎಸ್‌ಬಿ 3 ಎಂದು ನಂಬಬೇಡಿ. ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಹಚ್ಚಿಸಿ, 1080ಕ್ಕೆ ಇಟ್ಟು ವೈಯುವೈ2 ಆರಿಸಲು ಹೇಳಿ. ಸೆಕೆಂಡಿಗೆ ಐದೇ ಚಿತ್ರ ಎಂದು ತೋರಿಸಿದರೆ ಅದು ಯುಎಸ್‌ಬಿ 2ರದು. ಆ ಬೆಲೆಯನ್ನಷ್ಟೇ ಕೊಡಿ.