ನೀರು ಎಲ್ಲರದು, ನೀರೊಳಗಿನ ಸ್ವತ್ತು ಯಾರದು?

ಯಾರೂ ಕೊಡದಿದ್ದರೂ ಶ್ರಾವಕನು ತೆಗೆದುಕೊಳ್ಳಬಹುದಾದ ವಸ್ತುಗಳು ಎರಡೇ ಎರಡು: ನೀರು ಮತ್ತು ಮಣ್ಣು. 19ನೆಯ ಶತಮಾನದ ಪಂಡಿತ ದೌಲತರಾಮರು ತಮ್ಮ ‘ಛಹಢಾಲಾ’ದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುತ್ತ ಈ ವಿನಾಯಿತಿಯನ್ನು ಹೇಳಿದ್ದಾರೆ. ಬಾಯಾರಿದವನು ಹೊಳೆಗೆ ಇಳಿದು ನೀರು ಕುಡಿಯಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಆದರೆ ಅದೇ ಹೊಳೆಯ ತಳದಲ್ಲಿ, ಅದೇ ಮಣ್ಣಿನ ಪದರದಲ್ಲಿ ಹಿಂದಿನವರ ವಸ್ತುವೊಂದು ಬಿದ್ದಿದ್ದರೆ ಅದಕ್ಕೂ ಈ ವಿನಾಯಿತಿ ಸಲ್ಲುವುದೆ? ಸಲ್ಲುವುದೆಂದು ಜಗತ್ತಿನ ಅನೇಕರು ತಿಳಿದಿರುವಂತೆ ಕಾಣುತ್ತದೆ. ಆ ತಿಳಿವಳಿಕೆಯನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಇದು ದೂರದ ಪ್ರಶ್ನೆಯಲ್ಲ. ಯಳಂದೂರನ್ನು ಹಾದು ಬರುವ ಸುವರ್ಣಾವತಿಯನ್ನು ಕೂಡಿಸಿಕೊಂಡು, ಶಿವನಸಮುದ್ರದಲ್ಲಿ ಧುಮುಕಿ, ಹನೂರಿನ ಕಾಡಂಚಿನಲ್ಲಿ ಸಾಗುವ ಕಾವೇರಿಯು ಹೊಗೆನಕಲ್ಲನ್ನು ದಾಟಿ ಮೆಟ್ಟೂರು ಜಲಾಶಯವನ್ನು ಸೇರುತ್ತದೆ. 120 ಅಡಿಯವರೆಗೆ ನೀರು ನಿಲ್ಲುವ ಆ ಅಣೆಕಟ್ಟು 1934ರಲ್ಲಿ ಪೂರ್ಣಗೊಂಡಾಗ ಅನೇಕ ಹಳ್ಳಿಗಳು ಜಲಸಮಾಧಿಯಾದವು. ಆಗ ಕೊಳ್ಳೇಗಾಲವೂ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಷ್ಟೇ ಅದು ಮೈಸೂರು ರಾಜ್ಯಕ್ಕೆ ಬಂದಿತು. ಮುಳುಗಿದ ಆ ಊರುಗಳು ಇಲ್ಲಿನವರಿಗೆ ಒಂದೇ ಪ್ರಾಂತದ ನೆರೆಯ ಊರುಗಳಾಗಿದ್ದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ಇಳಿದಾಗ ಪಣ್ಣವಾಡಿಯ ಬಳಿ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರವೂ ತಲೆಯೆತ್ತುತ್ತವೆ. ನೋಡಲು ಹೋಗುವವರಲ್ಲಿ ಭಕ್ತಿಯಿಂದ ಕೈಮುಗಿಯುವವರಿದ್ದಾರೆ. ಎತ್ತಿಕೊಂಡು ಹೋಗಲು ಏನಾದರೂ ಉಳಿದಿದೆಯೇ ಎಂದು ನೋಡುವ ಕಣ್ಣುಗಳೂ ಇರಲಾರವೆಂದು ಹೇಳಲಾಗದು. ಪಾಳುಗುಡಿಗಳನ್ನು ಅಗೆಯುವ ನಿಧಿಗಳ್ಳರ ಸುದ್ದಿ ಈ ನಾಡಿಗೆ ಹೊಸದಲ್ಲ.

ಕಾವೇರಿಯಲ್ಲಿ ತೇಲಿದ್ದು ಹರಿಗೋಲು, ದೊಡ್ಡ ಹಡಗುಗಳಲ್ಲ. ಸಿಹಿನೀರಿನಲ್ಲಿ ಮುಳುಗಿದ ಹಡಗುಗಳ ಕಥೆಗಾಗಿ ಉತ್ತರ ಅಮೆರಿಕದ ಮಹಾಸರೋವರಗಳತ್ತ ನೋಡಬೇಕು. ಕಡಲಿನಲ್ಲಿ ಮರವನ್ನು ಕೊರೆದು ತಿನ್ನುವ ಹುಳು ಆ ತಣ್ಣನೆಯ ಸಿಹಿನೀರಿನಲ್ಲಿ ಇಲ್ಲ. ಆದುದರಿಂದ 19ನೆಯ ಶತಮಾನದ ಮರದ ಹಾಯಿಹಡಗುಗಳು ಅಲ್ಲಿ ಇಂದಿಗೂ ಕಂಬ, ಚುಕ್ಕಾಣಿ ಸಮೇತ ನಿಂತಿವೆ. ಪ್ರಕೃತಿಯು ಹೀಗೆ ಕಾಪಾಡಿದ್ದನ್ನು ಮನುಷ್ಯನು ಕಾಪಾಡಲಿಲ್ಲ. ಉಸಿರಾಟದ ಸಲಕರಣೆ ಕಟ್ಟಿಕೊಂಡು ಮುಳುಗುವ ಹವ್ಯಾಸ ಹಬ್ಬಿದ ಮೇಲೆ ಗಂಟೆ, ಲಂಗರು, ಊಟದ ತಟ್ಟೆಗಳು ಒಂದೊಂದಾಗಿ ಮೇಲೆ ಬಂದು ಮನೆಗಳ ಗೋಡೆ, ಕಪಾಟುಗಳನ್ನು ಅಲಂಕರಿಸಿದವು. ಹೀಗೆ ಎತ್ತಿದವರು ತಮ್ಮ ಪರವಾಗಿ ಮೂರು ಮಾತುಗಳನ್ನು ಮುಂದಿಡುತ್ತಾರೆ. ನಿಧಿಗಳ್ಳನ ಸಮಾಧಾನವೂ ಇವೇ ಮೂರು.

ಮೊದಲನೆಯದು, ‘ಇದಕ್ಕೆ ಒಡೆಯರಿಲ್ಲ’ ಎಂಬುದು. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ಮಾತಿಗೆ ಅವಕಾಶವನ್ನೇ ಇಟ್ಟಿಲ್ಲ. ಪರರು ಇಟ್ಟದ್ದು, ಬೀಳಿಸಿಕೊಂಡದ್ದು, ಮರೆತದ್ದು, ಈ ಮೂರನ್ನೂ ಅವರು ಹೆಸರಿಸಿ, ಕೊಡದ ಹೊರತು ಅವನ್ನು ತಾನೂ ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೂ ಕೊಡಬಾರದು ಎನ್ನುತ್ತಾರೆ. ಮುಳುಗಿದ ಹಡಗಿನ ಸರಕು ಬಿದ್ದದ್ದು. ಹೂತ ಹೊನ್ನು ಇಟ್ಟದ್ದು. ಊರು ಬಿಡುವ ಅವಸರದಲ್ಲಿ ಗುಡಿಯಲ್ಲಿ ಉಳಿದದ್ದು ಮರೆತದ್ದು. ಭಿನ್ನವಾದ ಬಿಂಬವನ್ನು ಹೊಳೆಯಲ್ಲಿ ವಿಸರ್ಜಿಸುವ ರೂಢಿಯುಂಟಲ್ಲ, ಅದು ಬಿಟ್ಟುಕೊಟ್ಟದ್ದೇ ಅಲ್ಲವೆ ಎಂದು ಕೆಲವರು ಕೇಳಬಹುದು. ಬಿಟ್ಟುಕೊಟ್ಟದ್ದು ನಿಜ, ಆದರೆ ನೀರಿಗೆ, ಮುಳುಗಿ ಎತ್ತುವವನಿಗಲ್ಲ. ಅಮೆರಿಕದ 1987ರ ಕಾಯಿದೆಯೂ ಇದೇ ತರ್ಕವನ್ನು ಹಿಡಿದಿದೆ: ಒಡೆಯನು ಕೈಬಿಟ್ಟ ಹಡಗು ರಾಜ್ಯದ ಜಲತಳದಲ್ಲಿ ಹುದುಗಿದ್ದರೆ ಅದು ಕಂಡವನ ಪಾಲಾಗದೆ, ಪ್ರಜೆಗಳ ಪರವಾಗಿ ಆ ರಾಜ್ಯದ ವಶಕ್ಕೆ ಬರುತ್ತದೆ.

ಎರಡನೆಯದು, ‘ಕೊಳೆತು ಹೋಗುವುದನ್ನು ಉಳಿಸಿದೆವು’ ಎಂಬುದು. ‘ಆಲ್ವಿನ್ ಕ್ಲಾರ್ಕ್’ ಎಂಬ ಹಾಯಿಹಡಗು 1864ರಲ್ಲಿ ಮಿಷಿಗನ್ ಸರೋವರದ ಗ್ರೀನ್ ಬೇ ಎಂಬಲ್ಲಿ ಮುಳುಗಿತು. 105 ವರ್ಷಗಳ ಕಾಲ ಕತ್ತಲೆಯ ನೀರಿನಲ್ಲಿ ಅದರ ಮರ ಗಟ್ಟಿಯಾಗಿಯೇ ಇತ್ತು. 1969ರಲ್ಲಿ ಅದನ್ನು ಇಡಿಯಾಗಿ ಮೇಲೆತ್ತಿ ಪ್ರದರ್ಶನಕ್ಕಿಟ್ಟರು. ಎತ್ತಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಮರವನ್ನು ಸಂರಕ್ಷಿಸುವಷ್ಟು ಹಣವಿರಲಿಲ್ಲ. ಗಾಳಿಗೂ ಬಿಸಿಲಿಗೂ ಬಿದ್ದ ಮರ ಒಣಗಿ, ಬಿರಿದು, ಕೊಳೆತು, 1994ರಲ್ಲಿ ಹಡಗನ್ನು ಒಡೆದುಹಾಕಬೇಕಾಯಿತು. ನೀರು 105 ವರ್ಷ ಕಾಪಾಡಿದ್ದನ್ನು ದಡವು 25 ವರ್ಷವೂ ಕಾಪಾಡಲಿಲ್ಲ. ಸದುದ್ದೇಶದ ಗತಿಯೇ ಹೀಗಾದರೆ ಇರುಳಿನಲ್ಲಿ ಕಿತ್ತುತರುವ ಕೈಗಳು ಏನನ್ನು ಉಳಿಸಿಯಾವು?

ಹಾಗೆಂದು ನೀರಿನಿಂದ ಏನನ್ನೂ ಎತ್ತಲೇಬಾರದೆಂದು ಅರ್ಥವಲ್ಲ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕಣ್ಣಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಖೋಡೆ ಪ್ರತಿಷ್ಠಾನವು ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಿತು. ನಾಗಾರ್ಜುನಸಾಗರದ ನೀರು ಏರುವ ಮೊದಲು ಪುರಾತತ್ತ್ವ ಇಲಾಖೆಯು ಉತ್ಖನನ ನಡೆಸಿ, ನಾಗಾರ್ಜುನಕೊಂಡದ ಅವಶೇಷಗಳಿಗೆ ದ್ವೀಪದಲ್ಲಿ ವಸ್ತುಸಂಗ್ರಹಾಲಯವನ್ನು ಮಾಡಿತು. ಇವು ಹಗಲಿನಲ್ಲಿ, ನಾಲ್ವರ ಎದುರಿಗೆ, ದಾಖಲೆಯೊಡನೆ ನಡೆದ ಕಾರ್ಯಗಳು. ದತ್ತಕ್ಕೂ ಅದತ್ತಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಮೂರನೆಯದು, ‘ಒಂದೇ ಒಂದು ವಸ್ತುವಿನಿಂದ ಏನು ನಷ್ಟ?’ ಎಂಬುದು. ಲೆಕ್ಕ ಬರೆದು ಬಲ್ಲವರಿಗೆ ಇದರ ಉತ್ತರ ಸುಲಭ. ಮುಳುಗಿದ ಹಡಗೆಂದರೆ ಒಂದು ದಿನದ ಕಿರ್ದಿ ಪುಸ್ತಕ. ಅದರಲ್ಲಿದ್ದ ಧಾನ್ಯ, ಪಾತ್ರೆ, ನಾಣ್ಯ, ತೂಕದ ಬಟ್ಟುಗಳೆಲ್ಲ ಒಂದೇ ಗಳಿಗೆಯಲ್ಲಿ ನಮೂದಾದ ಬಾಬುಗಳು. ಯಾವ ವಸ್ತು ಯಾವುದರ ಪಕ್ಕದಲ್ಲಿತ್ತು ಎಂಬುದರಿಂದಲೇ ಆ ದಿನದ ವ್ಯಾಪಾರ ತಿಳಿಯುವುದು. ಒಂದು ಹಾಳೆಯನ್ನು ಹರಿದರೆ ಹಾಳೆಯಷ್ಟೇ ಹೋಗುವುದಿಲ್ಲ. ಇಡೀ ಪುಸ್ತಕದ ಶಿಲ್ಕು ತಾಳೆಯಾಗುವುದಿಲ್ಲ. ಕನ್ನಡಿಗರಾದ ಡಾ. ಎಸ್. ಆರ್. ರಾವ್ ಅವರು 1981ರಲ್ಲಿ ಗೋವೆಯಲ್ಲಿ ಸಾಗರ ಪುರಾತತ್ತ್ವ ಕೇಂದ್ರವನ್ನು ಕಟ್ಟಿ ದ್ವಾರಕೆಯ ಕಡಲ ತಳವನ್ನು ಶೋಧಿಸಿದಾಗ, ನೀರಿನ ತಳವೂ ಓದಬಹುದಾದ ದಾಖಲೆಯೆಂದು ಈ ದೇಶಕ್ಕೆ ತೋರಿಸಿಕೊಟ್ಟರು.

ಕಾನೂನು ಏನು ಹೇಳುತ್ತದೆ? 1878ರ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದಿತು. ಆದರೆ ನಿಧಿಯೆಂದರೆ ಮಣ್ಣಿನಲ್ಲಿ ಅಡಗಿದ್ದು ಎಂದೇ ಅದು ಭಾವಿಸಿತು, ನೀರನ್ನು ನೆನೆಯಲಿಲ್ಲ. 2001ರ ಯುನೆಸ್ಕೋ ಒಡಂಬಡಿಕೆಯು ನೂರು ವರ್ಷ ನೀರಿನಲ್ಲಿದ್ದ ಅವಶೇಷಗಳ ಮಾರಾಟವನ್ನು ನಿಷೇಧಿಸಿ, ಇದ್ದಲ್ಲೇ ಇರಿಸಿ ಕಾಯುವುದೇ ಮೊದಲ ಮಾರ್ಗವೆಂದು ಸಾರಿತು. ಆದರೆ ಅದರ ನಿಯಮಗಳನ್ನು ಒಳನಾಡಿನ ನದಿ, ಸರೋವರಗಳಿಗೆ ಅನ್ವಯಿಸುವುದನ್ನು ಆಯಾ ದೇಶದ ಇಚ್ಛೆಗೆ ಬಿಟ್ಟಿತು. ಉಪ್ಪುನೀರಿಗೆ ಒಂದು ನ್ಯಾಯ, ಸಿಹಿನೀರಿಗೆ ಇನ್ನೊಂದು ನ್ಯಾಯವೆಂಬುದು ವಿಚಿತ್ರವೇ ಸರಿ. ಕಾನೂನಿನ ಬೇಲಿಯಲ್ಲಿ ಹೀಗೆ ಕಂಡಿಗಳಿರುವಾಗ ವ್ರತವೇ ಬೇಲಿಯಾಗಬೇಕು.

ಇಲ್ಲಿ ಮುಳುಗುವವನೊಬ್ಬನನ್ನೇ ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೊಳ್ಳುವವನಿಲ್ಲದಿದ್ದರೆ ಅವನು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ‘ತತ್ತ್ವಾರ್ಥಸೂತ್ರ’ವು ಅಚೌರ್ಯವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ನಾಲ್ಕು ಈ ವ್ಯಾಪಾರಕ್ಕೆ ನೇರವಾಗಿ ತಗಲುತ್ತವೆ. ಹೋಗಿ ತಾ ಎಂದು ಹುರಿದುಂಬಿಸುವುದು ಸ್ತೇನಪ್ರಯೋಗ. ತಂದದ್ದನ್ನು ಕೊಳ್ಳುವುದು ತದಾಹೃತಾದಾನ. 1972ರ ಪುರಾವಸ್ತು ಕಾಯಿದೆಯ ಕಣ್ಣುತಪ್ಪಿಸಿ ನೂರು ವರ್ಷ ಮೀರಿದ ವಿಗ್ರಹವನ್ನು ಹೊರದೇಶಕ್ಕೆ ಸಾಗಿಸುವುದು ವಿರುದ್ಧರಾಜ್ಯಾತಿಕ್ರಮ. ಹೊಸದನ್ನು ಹಳೆಯದೆಂದು ನಂಬಿಸಿ ಮಾರುವುದು ಪ್ರತಿರೂಪಕ ವ್ಯವಹಾರ. ಕಳ್ಳನನ್ನು ಮಾತ್ರವಲ್ಲದೆ ಕಳ್ಳನ ಸುತ್ತ ಇರುವ ಅಂಗಡಿಯನ್ನೂ ಸೂತ್ರಕಾರರು ಕಂಡಿದ್ದರು.

ಬಸದಿಯ ಟ್ರಸ್ಟುಗಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ‘ಹೊಳೆಯಲ್ಲಿ ಸಿಕ್ಕಿತು’ ಎಂಬುದು ಸುಲಭವಾಗಿ ಹೇಳಬಹುದಾದ, ಸುಲಭವಾಗಿ ಪರಿಶೀಲಿಸಲಾಗದ ಮಾತು. ಆ ಮಾತನ್ನು ಹೊತ್ತು ಬಂದ ಪ್ರಾಚೀನ ಜಿನಬಿಂಬವನ್ನು ಭಕ್ತಿಯಿಂದ ಬರಮಾಡಿಕೊಳ್ಳುವ ಟ್ರಸ್ಟು, ಇನ್ನೊಂದು ಊರಿನ ಬರಿದಾದ ಪೀಠವನ್ನು ನೆನೆಯಬೇಕು. ಕಾಗದಪತ್ರವಿಲ್ಲದ ಬಿಂಬ ದಾನವಾಗಿ ಬಂದರೂ ಒಪ್ಪದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು, ತನ್ನಲ್ಲಿರುವ ಬಿಂಬಗಳ ಛಾಯಾಚಿತ್ರ, ಅಳತೆ, ಶಾಸನಪಾಠಗಳನ್ನು ವಹಿಯಲ್ಲಿ ಬರೆದಿಡುವುದು, ಇವೆರಡು ಪೂಜೆಯಷ್ಟೇ ಮುಖ್ಯವಾದ ಕರ್ತವ್ಯಗಳು.

ಮಹಾಸರೋವರಗಳ ಕಥೆಯಲ್ಲಿ ಒಂದು ಒಳ್ಳೆಯ ತಿರುವೂ ಇದೆ. 2000ದಲ್ಲಿ ಹ್ಯೂರಾನ್ ಸರೋವರದ ಥಂಡರ್ ಬೇ, 2021ರಲ್ಲಿ ಮಿಷಿಗನ್ ಸರೋವರದ ವಿಸ್ಕಾನ್ಸಿನ್ ತೀರ ರಕ್ಷಿತ ಜಲಧಾಮಗಳಾದವು. ಲಂಗರು ಬಿದ್ದು ಅವಶೇಷ ಮುರಿಯದಂತೆ ದೋಣಿ ಕಟ್ಟಲು ತೇಲುಬುರುಡೆಗಳನ್ನು ಇಟ್ಟರು. ಮುಳುಗಿ ನೋಡುವುದನ್ನು ನಿಷೇಧಿಸಲಿಲ್ಲ, ಎತ್ತುವುದನ್ನು ನಿಷೇಧಿಸಿದರು. ಹವ್ಯಾಸಿಗಳಲ್ಲೇ ಅನೇಕರು ಇಂದು ಅವಶೇಷಗಳನ್ನು ಅಳೆದು ನಕ್ಷೆ ಬರೆಯುವ ಕಾವಲುಗಾರರಾಗಿದ್ದಾರೆ. ಕಾವೇರಿಯ ಮಡುಗಳನ್ನು ಬಲ್ಲ ಮೀನುಗಾರರೂ ಹರಿಗೋಲಿನವರೂ ಇಲ್ಲಿ ಅಂಥ ಕಾವಲುಗಾರರಾಗಬಲ್ಲರು. ಕಂಡದ್ದನ್ನು ಮುಟ್ಟದೆ ಬಂದು ತಿಳಿಸಿದವನಿಗೆ ಊರವರು ಒಂದು ಶಾಲು ಹೊದಿಸಿದರೂ ಸಾಕು. ನೀರು ಇಳಿದ ವರ್ಷ ಮೇಲೆದ್ದ ನಂದಿಯು ಮಳೆ ಬಂದಾಗ ಹಾಗೆಯೇ ಮರಳಿ ಮುಳುಗಲಿ. ಮುಂದಿನ ಬರಗಾಲದಲ್ಲಿ ನೋಡಬರುವ ಮಕ್ಕಳಿಗೂ ಅದು ಅಲ್ಲೇ ಇರಬೇಕು.