ವಿಡಂಬನೆಯ ನಗೆ ಯಾರ ಪಾಲಿಗೆ?

ವರ್ಣದ್ವೇಷಿಯೊಬ್ಬನನ್ನು ನಗೆಗೀಡು ಮಾಡಿದರೆ ದ್ವೇಷವು ಕುಗ್ಗುವುದೆಂಬ ನಂಬಿಕೆಯಿಂದ ನಾರ್ಮನ್ ಲಿಯರ್ ಅವರು ೧೯೭೧ರಲ್ಲಿ ಅಮೆರಿಕದ ಟೆಲಿವಿಷನ್ನಿಗೆ ‘ಆಲ್ ಇನ್ ದ ಫ್ಯಾಮಿಲಿ’ ಎಂಬ ಹಾಸ್ಯಮಾಲಿಕೆಯನ್ನು ತಂದರು. ಅದರ ಯಜಮಾನ ಆರ್ಚಿ ಬಂಕರ್ ಕಪ್ಪುವರ್ಣೀಯರನ್ನೂ ಯೆಹೂದ್ಯರನ್ನೂ ಹಳಿಯುವವನು. ಅಳಿಯ ಮೈಕ್ ಅವನನ್ನು ಖಂಡಿಸುವವನು. ಆದರೆ ವಿಡ್ಮಾರ್ ಮತ್ತು ರೋಕೀಚ್ ಎಂಬ ವಿದ್ವಾಂಸರು ೧೯೭೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುದೇ ಬೇರೆ. ಪೂರ್ವಗ್ರಹ ಬಲವಾಗಿದ್ದ ಪ್ರೇಕ್ಷಕರು ಹೆಚ್ಚಾಗಿ ಆರ್ಚಿಯನ್ನೇ ಮೆಚ್ಚಿದ್ದರು. ವಾದದಲ್ಲಿ ಗೆಲ್ಲುವವನೂ ಅವನೇ ಎಂದು ಬಗೆದಿದ್ದರು.

ಇದಕ್ಕೆ ಪ್ರೇಕ್ಷಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕೃತಿಯ ಬಂಧದಲ್ಲಿಯೇ ದೋಷವಿದೆ. ಚಮತ್ಕಾರದ ಮಾತುಗಳಲ್ಲಿ ಬಹುಪಾಲು ಆರ್ಚಿಗೆ ಸಂದಿವೆ. ಅದರ ಮೇಲೆ ಕ್ಯಾರೊಲ್ ಓಕಾನರ್ ಅವರ ಆತ್ಮೀಯ ಅಭಿನಯ ಬೇರೆ. ಮೈಕ್‌ನ ಪಾಲಿಗೆ ಬಂದುದು ಉಪದೇಶ, ಅದೂ ಮಾವನ ಮನೆಯಲ್ಲಿ ಉಣ್ಣುತ್ತ ಮಾಡುವ ಉಪದೇಶ! ಮನೆಅಳಿಯನ ಧರ್ಮಬೋಧೆಗೆ ಯಾವ ದೇಶದಲ್ಲಿ ತಾನೆ ತೂಕವಿದ್ದೀತು?

ನೆರೆಮನೆಯ ಕಪ್ಪುವರ್ಣೀಯ ತರುಣ ಲಯನಲ್ ಬಂದಾಗ ನಗೆಯ ದಿಕ್ಕು ಬದಲಾಗುತ್ತದೆ. ಆತ ವಾದಿಸಲು ಹೋಗುವುದಿಲ್ಲ. ಆರ್ಚಿಯ ಮಾತಿಗೆ ವಿನಯದಿಂದ ಹೂಂಗುಟ್ಟುತ್ತಲೇ ಅವನನ್ನು ಗೇಲಿ ಮಾಡುತ್ತಾನೆ. ಆರ್ಚಿಗೆ ಅದು ತಿಳಿಯುವುದೇ ಇಲ್ಲ. ನಿಂದೆಗೆ ಗುರಿಯಾದವನೇ ನಗಿಸುವ ಈ ದೃಶ್ಯಗಳಲ್ಲಿ ಆರ್ಚಿಯ ಪಕ್ಷ ವಹಿಸಿ ನಗುವುದು ಕಷ್ಟ. ಮಾಲಿಕೆಯಲ್ಲಿ ಇಂತಹವು ಇನ್ನೂ ಹೆಚ್ಚಾಗಿರಬೇಕಾಗಿತ್ತು.